ತ್ರಿಪುರಸುಂದರಮ್ಮನವರ ಕುಟ್ಟಾಣಿ ದಿಗ್ವಿಜಯ

ತಕ್ಕಡಿಯ ಮುಳ್ಳಿನ ತುದಿಯಲ್ಲಿ ಎವೆಯಿಕ್ಕದೆ ನೆಲಸಿರುವ ತಾಯಿ ಚೌಕಾಸಿಯೇ, ಹೇಳಿದ ಬೆಲೆಗೂ ಕೊಟ್ಟ ಬೆಲೆಗೂ ನಡುವೆ ಹರಿಯುವ ಮಹಾನದಿಯೇ, ಈ ಬಡ ಕಥಕನ ನಾಲಗೆಯ ಮೇಲೆ ಒಂದು ಗಳಿಗೆ ಕುಳಿತುಕೋ. ಬೆಲೆಯ ಚೀಟಿ ಅಂಟಿಸಿದ ಪದಾರ್ಥವನ್ನು ಜನರು ತುಟಿಪಿಟಕ್ಕೆನ್ನದೆ ಬುಟ್ಟಿಗೆ ಹಾಕಿಕೊಳ್ಳುವ ಈ ಹೇಡಿ ಯುಗದಲ್ಲಿ, ಚೌಕಾಸಿಯ ಕ್ಷಾತ್ರವನ್ನು ಏಕಾಂಗಿಯಾಗಿ ಹೊತ್ತು ನಿಂತ ಒಂಟಿಕೊಪ್ಪಲಿನ ವೀರಾಗ್ರಣಿ, ದೇವರಾಜಮಾರುಕಟ್ಟೆಸಮರಾಂಗಣವಿಜೃಂಭಿತೆ, ಬದನೆಕಾಯಿವ್ಯಾಪಾರಿಗರ್ವಭಂಜನೆ, ಶ್ರೀಮತಿ ತ್ರಿಪುರಸುಂದರಮ್ಮನವರು ಇಟಲಿಯ ಲೂಕಾ ನಗರದಲ್ಲಿ ಗೈದ ಘೋರ ಸಂಗ್ರಾಮವನ್ನು ಹೇಳುತ್ತೇನೆ, ಕೇಳಿ.

ಲೂಕಾ ಎಂಬುದು ಸುತ್ತಲೂ ಕೋಟೆಯುಳ್ಳ ಪುರಾತನ ಪಟ್ಟಣ. ಸತ್ತವರ ಸಾಮಾನುಗಳನ್ನು ಬದುಕಿರುವವರಿಗೆ ದುಬಾರಿಗೆ ಮಾರುವ ಅಂಗಡಿಗಳು ಅದರ ಓಣಿಗಳಲ್ಲಿ ಸಾಲಾಗಿವೆ. ಪ್ರವಾಸದ ಬಸ್ಸಿನಿಂದಿಳಿದ ನಮ್ಮ ನಾಯಕಿಯ ಕಣ್ಣಿಗೆ ಅಂಥದೊಂದು ಅಂಗಡಿಯ ಕಿಟಕಿಯಲ್ಲಿ, ಯಾವನೋ ಪ್ರಾಚೀನ ವೈದ್ಯ ಬೇರು ನಾರು ಜಜ್ಜಿದ್ದ ಕಂಚಿನ ಕುಟ್ಟಾಣಿ ಬಿತ್ತು. ಮೈಸೂರಿನ ಮನೆಯ ಅಟ್ಟದ ಮೇಲೆ ಅಂಥವೇ ಎರಡು ಧೂಳು ತಿನ್ನುತ್ತಿದ್ದವು ನಿಜ. ಆದರೆ ಅವು ಬರೀ ಹಳೆಯವು, ಇದು ಆಂಟೀಕ್.

ಪಕ್ಕದಲ್ಲಿ ಓರಗಿತ್ತಿ ವಸುಂಧರಾ ನಿಂತಿದ್ದಳು. ಅಡುಗೆ, ಹಾಡು, ರಂಗೋಲಿ, ಎಲ್ಲದರಲ್ಲೂ ಮೈದುನನ ಈ ಹೆಂಡತಿಯದೇ ಒಂದು ಕೈ ಮೇಲು. ಚೌಕಾಸಿಯೊಂದೇ ತ್ರಿಪುರಸುಂದರಮ್ಮನವರಿಗೆ ಉಳಿದಿದ್ದ ಸಿಂಹಾಸನ. ಅದೂ ಹೋದರೆ ಆ ಮನೆತನದಲ್ಲಿ ಅವರು ವಯಸ್ಸಿನಲ್ಲಿ ಮಾತ್ರ ಹಿರಿಯ ಸೊಸೆ. ಆದ್ದರಿಂದ, ಮೇರುಗಿರಿ ಅಲುಗಿದರೂ ಸಪ್ತಸಾಗರ ಬತ್ತಿದರೂ ಹೇಳಿದ ಬೆಲೆಗೆ ಕೊಂಡವಳೆಂಬ ಕಳಂಕವನ್ನು ಈ ದೇಹ ಹೊರದು ಎಂಬರ್ಥದಲ್ಲಿ ಅವರು ಹೀಗೆ ಗರ್ಜಿಸಿದರು: “ನೋಡ್ತಿರು ವಸು. ಅರ್ಧಕ್ಕೆ ಕೊಡಿಸ್ಕೊಳ್ದೆ ಇದ್ರೆ ನಾನಿನ್ನು ಮಾರ್ಕೆಟ್ಟಿಗೇ ಕಾಲಿಡಲ್ಲ. ಹಬ್ಬಕ್ಕೆ ಹೂವು ಹಣ್ಣು ಎಲ್ಲ ನೀನೇ ತಂದ್ಕೋ.”

“ಆಗ್ಲಿ ಅಕ್ಕ. ನಾನು ಅಷ್ಟರಲ್ಲಿ ಒಂದು ಐಸ್‌ಕ್ರೀಮ್ ತಿಂದು ಬಸ್ಸಲ್ಲಿರ್ತೀನಿ,” ಎಂದು ವಸುಂಧರಾ ಹೊರಟಳು.

ಒಳಗೆ, ಸರಪಳಿಲಂಬಿತೋಪನೇತ್ರೆ, ಮೌನವಜ್ರಕವಚೆ, ಅಂಗಡಿಯ ಒಡತಿ ಸಿನ್ಯೋರಾ ಒರ್ತೆನ್ಸಿಯಾ, ಮಧ್ಯಾಹ್ನದ ಅಡುಗೆಗೆ ತಂದ ತರಕಾರಿ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಆಸೀನಳಾಗಿದ್ದಳು. ನಾಯಕಿ ಕುಟ್ಟಾಣಿಯನ್ನು ಬೆರಳ ಗೆಣ್ಣಿನಿಂದ ಬಡಿದರು, ಮೂಗು ಮುರಿದರು, ಇಲ್ಲದ ಬಿರುಕನ್ನು ತೋರಿಸಿದರು. “ಬಾಯಿ ಸೊಟ್ಟ ಇದೆ. ಯಾರೋ ಕುಟ್ಟಿ ಕುಟ್ಟಿ ತಳ ಸವೆಸಿದ್ದಾರೆ. ಇದಕ್ಕೆ ಇಷ್ಟಾ?” ಪತಿ ಪಟ್ಟಾಭಿರಾಮಯ್ಯನವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಒಡತಿಗೆ ಇಂಗ್ಲಿಷ್ ಬಾರದು. ಆದರೂ ಅವಳಿಗೆ ಎಲ್ಲವೂ ಅರ್ಥವಾಯಿತು.

“ನೋ, ಸಿನ್ಯೋರಾ,” ಎಂದಳು.

ಅರ್ಧ ಕೇಳಿದರು, ನೋ. ಮುಕ್ಕಾಲಿಗೇರಿದರು, ನೋ. ಆಗ ಅವರು, ಸಕಲಶಸ್ತ್ರಗಳೂ ಬರಿದಾದ ಮೇಲೆಯೇ ಪ್ರಯೋಗಿಸತಕ್ಕ ಬ್ರಹ್ಮಾಸ್ತ್ರವನ್ನು ತೆಗೆದರು, ಅಂದರೆ ಎದ್ದು ಹೊರಟರು. ಮಿಕ್ಕ ವೀರರಿಗೆ ಬೆನ್ನು ತೋರಿಸುವುದು ಸೋಲು. ಚೌಕಾಸಿಯಲ್ಲಿ ಅದೇ ಗೆಲುವು. ಗಜಗಾಮಿನಿಯಾಗಿ, ಸೆರಗು ಸರಿಪಡಿಸುವ ನೆಪದಲ್ಲಿ ಎರಡು ಸಲ ನಿಂತು, ಕಿವಿಯನ್ನು ಹಿಂದಕ್ಕೇ ಬಿಟ್ಟು ನಡೆದರು. ‘ಬನ್ನಿ ಅಮ್ಮಾ, ನಿಮ್ಮ ಮಾತೇ ಆಗ್ಲಿ’ ಎಂದು ಯಾವ ವ್ಯಾಪಾರಿ ತಾನೇ ಕರೆದಿಲ್ಲ? ಹಿಂದಿನಿಂದ ಸದ್ದು ಬಂತು. ಅದು ಊಟದ ಹೊತ್ತಿಗೆ ಅಂಗಡಿಯ ಷಟರ್ ಇಳಿಯುವ ಸದ್ದು.

ತ್ರಿಪುರಸುಂದರಮ್ಮನವರು ಬೀದಿಯ ಮಧ್ಯೆ ನಿಂತುಬಿಟ್ಟರು. “ಏನೂಂದ್ರೆ, ಕರೀಲಿಲ್ವಲ್ಲ.” ಆ ದನಿ ಕೇಳಿ ಪಟ್ಟಾಭಿರಾಮಯ್ಯನವರಿಗೆ ನಿಜಕ್ಕೂ ಸಂಕಟವಾಯಿತು.

“ಇಲ್ಲಿ ಕರೆಯೋ ಪದ್ಧತಿ ಇಲ್ಲವೇನೋ ಕಣೇ,” ಎಂದರು.

ಕುಟ್ಟಾಣಿಯಿಲ್ಲದೆ ಬಸ್ಸು ಹತ್ತುವಂತಿಲ್ಲ. ಅಶ್ವತ್ಥಮರದಂತೆ ಎಂದೂ ಬಾಗದಿದ್ದ ಆ ಮಹಾಸತ್ತ್ವೆ ಸೊಂಟ ಬಗ್ಗಿಸಿ, ಅರ್ಧ ಇಳಿದ ಷಟರಿನ ಕೆಳಗೆ ನುಸುಳಿ, ಚೀಟಿಯಲ್ಲಿದ್ದ ಬೆಲೆಯನ್ನು ಬಿಡಿಗಾಸು ಬಿಡದೆ ತೆತ್ತರು. ಆದರೆ ಸೋತ ಕೈ ಸುಮ್ಮನಿರಲಿಲ್ಲ, ಬಟ್ಟಲಂತೆ ಚಾಚಿಕೊಂಡಿತು. “ಕೊಸರು?” ಎಂದರು.

ಒಡತಿ ಆ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ಆಮೇಲೆ ತರಕಾರಿ ಚೀಲದಿಂದ ಒಂದು ಹಿಡಿ ಹಸಿರು ಸೊಪ್ಪು ತೆಗೆದು ಆ ಕೈಯಲ್ಲಿಟ್ಟಳು.

ಬಸ್ಸನ್ನು ಏರಿದ ವಿಜಯಲಕ್ಷ್ಮಿಯ ಒಂದು ಕಂಕುಳಲ್ಲಿ ಕುಟ್ಟಾಣಿ, ಎತ್ತಿದ ಬಲಗೈಯಲ್ಲಿ ಪತಾಕೆಯಂತೆ ಸೊಪ್ಪು. “ಎಷ್ಟು ಇಳಿಸಿದ್ರಿ ಅಕ್ಕ?” ಎಂದಳು ವಸುಂಧರಾ.

“ಬೆಲೆ ಬಿಡು, ಅದನ್ನ ಯಾರು ಬೇಕಾದ್ರೂ ಇಳಿಸ್ತಾರೆ. ಕೊಸರು ಕೊಡಿಸ್ಕೊಂಡೆ, ಇಟಲೀಲಿ. ಕೊತ್ತಂಬರಿ.”

ವಸುಂಧರಾ ಒಂದು ಎಲೆ ಚಿವುಟಿ ಮೂಸಿದಳು. “ಕೊತ್ತಂಬರಿ ವಾಸನೇನೇ ಇಲ್ವಲ್ಲಕ್ಕ. ಇದು ಪಾರ್ಸ್ಲಿ, ಇಲ್ಲಿಯವರು ಅಡುಗೆಗೆ ಹಾಕೋ ಸೊಪ್ಪು. ತರಕಾರಿ ಅಂಗಡೀಲಿ ಇದನ್ನ ಎಲ್ರಿಗೂ ಸುಮ್ನೆ ಕೊಡ್ತಾರಂತೆ, ಬೆಳಿಗ್ಗೆ ಗೈಡ್ ಹೇಳಿದ್ರು.”

ತ್ರಿಪುರಸುಂದರಮ್ಮನವರು ಮೂಸಿದರು. ಇನ್ನೊಮ್ಮೆ ಮೂಸಿದರು. “ಹಿಡ್ಕೊಳ್ಳಿ,” ಎಂದು ಅದನ್ನು ಗಂಡನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು. ತರಕಾರಿಯ ಜೊತೆ ಒಡತಿಗೇ ಕೊಸರಾಗಿ ಬಂದಿದ್ದ ಆ ಕೊಸರು ಪಟ್ಟಾಭಿರಾಮಯ್ಯನವರ ತೊಡೆಯ ಮೇಲೆ ಬಾಡುತ್ತಾ ಪೀಸಾದವರೆಗೂ ಹೋಯಿತು. ಹಬ್ಬಕ್ಕೆ ಹೂವು ಹಣ್ಣು ತರುವವರು ಯಾರು ಎಂದು ದಾರಿಯುದ್ದಕ್ಕೂ ವಸುಂಧರಾ ಕೇಳಲಿಲ್ಲ.