ಚಾವಡಿಯ ಗೋಡೆಗೊಂದು ಫುಲ್ ಫ್ರೇಮ್

ಸಜ್ಜನರೇ, ಬಾಯಲ್ಲಿ ಎಲೆ ಅಡಿಕೆ ಇದ್ದರೆ ಇರಲಿ, ಕಿವಿಗಳನ್ನು ಮಾತ್ರ ಸ್ವಲ್ಪ ಹೊತ್ತು ನನಗೆ ಕೊಟ್ಟು ಕೇಳಿ. ಕಾಮ, ಕ್ರೋಧ, ಲೋಭ, ಮೋಹ, ಮದಗಳ ಕುರಿತು ಹಿರಿಯರು ಬೇಕಾದಷ್ಟು ಹೇಳಿಟ್ಟಿದ್ದಾರೆ. ಪಂಕ್ತಿಯ ಕೊನೆಯಲ್ಲಿ ಕುಳಿತ ಮಾತ್ಸರ್ಯಕ್ಕೆ ಬಡಿಸುವ ಹೊತ್ತಿಗೆ ಉಪದೇಶದ ಪಾತ್ರೆಯೇ ಬರಿದಾಗಿರುತ್ತದೆ. (ಆದ್ದರಿಂದಲೇ ಅದು ಹಸಿದು ನಮ್ಮನ್ನೇ ತಿನ್ನುವುದು.) ಇಂದು ಅದಕ್ಕೇ ಮೊದಲು ಬಡಿಸೋಣ. ಸಾಲಿಗ್ರಾಮದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಪ್ರೇಮಾನಂದರ ಹೊಟ್ಟೆಯಲ್ಲಿ ಅದು ಒಂದು ವರ್ಷ ಬಾಡಿಗೆ ಕೊಡದೆ ಹೇಗೆ ವಾಸವಾಗಿತ್ತು ಎಂಬುದೇ ಈ ಕಥೆ.

ಪ್ರೇಮಾನಂದರು ದೈವಭಕ್ತರು, ತೂಕದಲ್ಲಿ ಮೋಸ ಮಾಡದವರು, ಏಕಾದಶಿ ತಪ್ಪಿಸದವರು. ಅವರಿಗಿದ್ದ ಏಕಮಾತ್ರ ವ್ಯಸನ ಡಿಜಿಟಲ್ ಕ್ಯಾಮೆರಾ. ಏಕಮಾತ್ರ ವ್ಯಥೆ ಷಡ್ಡಕ ರಾಜೇಂದ್ರ. ಹೆಂಡತಿ ವಿನಯಾಳ ಅಕ್ಕ ಕುಸುಮಾವತಿಯನ್ನು ಮದುವೆಯಾಗಿ ಬ್ರಹ್ಮಾವರದಲ್ಲಿ ನೆಲೆಸಿದ ಈ ರಾಜೇಂದ್ರರು ವಯಸ್ಸಿನಲ್ಲಿ ಪ್ರೇಮಾನಂದರಿಗಿಂತ ಚಿಕ್ಕವರು, ಸಂಬಂಧದಲ್ಲಿ ದೊಡ್ಡವರು. ತನಗಿಂತ ಚಿಕ್ಕವನನ್ನು 'ಭಾವ' ಎಂದು ಕರೆಯಬೇಕಾದ ಸಂಕಟವೇ ಸಾಕಿತ್ತು. ಅದರ ಮೇಲೆ ಭಾವ ಫುಲ್ ಫ್ರೇಮ್ ಕ್ಯಾಮೆರಾ ಕೊಂಡರು!

ಪ್ರೇಮಾನಂದರದು ಕ್ರಾಪ್ ಸೆನ್ಸರಿನದು. ಚಿತ್ರ ಮೂಡುವ ಹಲಗೆ ಅದರಲ್ಲಿ ಚಿಕ್ಕದು. ಭಾವನ ಕ್ಯಾಮೆರಾದಲ್ಲಿ ಹಳೆಯ ಫಿಲಂ ತುಂಡಿನಷ್ಟೇ ಅಗಲ. ಮಂದ ಬೆಳಕಿನಲ್ಲಿ ಅಗಲದ್ದು ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂಬುದು ಶಾಸ್ತ್ರ. ಆ ಶಾಸ್ತ್ರಕ್ಕೆ ಪ್ರಮಾಣ ಸಿಕ್ಕಿದ್ದು ಬಿಜೂರಿನಲ್ಲಿ, ಅತ್ತೆ ಅಮ್ಮಣ್ಣಿಯವರ ಮನೆಯ ಹೊಸ್ತಿನ ಹಬ್ಬದಂದು. ಹೊಸ ಭತ್ತದ ತೆನೆ ಮನೆಗೆ ಬಂದು, ಹೊಸ ಅಕ್ಕಿಯ ಅನ್ನ ಉಣ್ಣುವ ಆ ದಿನ ತೆಗೆದ ಪಟಗಳಲ್ಲಿ ಒಂದನ್ನು ಅತ್ತೆ ಪ್ರತಿ ವರ್ಷ ಚಾವಡಿಯ ಗೋಡೆಗೆ ಹಾಕಿಸುತ್ತಿದ್ದರು. ಇಬ್ಬರು ಅಳಿಯಂದಿರೂ ದೀಪದ ಮುಂದೆ ಅತ್ತೆಯ ಪಟ ತೆಗೆದರು. ಅತ್ತೆ ಎರಡನ್ನೂ ನೋಡಿ ತೀರ್ಪು ಕೊಟ್ಟರು:

"ರಾಜೇಂದ್ರ ತೆಗೆದದ್ರಗೆ ನಾನ್ ದೇವಿ ಕಂಡಾಂಗ್ ಕಾಣ್ತೆ. ನೀವ್ ತೆಗೆದದ್ರಗೆ ದೇವಿ ಮೈಮೇಲೆ ಬಂದಾಂಗ್ ಕಾಣ್ತೆ."

ಅಂದಿನಿಂದ ಆ ಗೋಡೆ ಭಾವನದಾಯಿತು. ಪ್ರೇಮಾನಂದರು ಬಿಜೂರಿಗೆ ಹೋದಾಗಲೆಲ್ಲ ಅವರ ಮಣೆ ಸರಿಯಾಗಿ ಆ ಪಟದ ಎದುರಿಗೇ ಬೀಳುತ್ತಿತ್ತು. ಪತ್ರೊಡೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ದೇವರ ಮುಂದೆ ಕಣ್ಣು ಮುಚ್ಚಿದರೂ ಭಾವನ ಕೊರಳಲ್ಲಿ ತೂಗುವ ಆ ಕಪ್ಪು ಪೆಟ್ಟಿಗೆಯೇ ಸಾಕ್ಷಾತ್ಕಾರವಾಗುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೆಂಡತಿಯ ಬಳಿ ವಿಷಯ ತೆಗೆದರು.

"ಇದ್ದ್ ಕ್ಯಾಮೆರಾಕ್ಕೆ ಎಂತ ಆಯ್ತ್?" ಎಂದಳು ವಿನಯಾ.

"ಅದ್ರ ಸೆನ್ಸರ್ ಸಣ್ಣದ್."

"ನಮ್ ಮನಿಯೂ ಸಣ್ಣದೇ. ಮಾರ್ತ್ರ್ಯಾ?"

"ನಿಂಗ್ ಗೊತ್ತಾತಿಲ್ಲೆ. ಭಾವಂದ್ ಫುಲ್ ಫ್ರೇಮ್."

"ಭಾವನ ಮಂಡೆ ಬೋಳಾಯ್ತ್. ನೀವೂ ಬೋಳ್ಸ್ಕಂತ್ರ್ಯಾ?"

ಪ್ರೇಮಾನಂದರು ಬೋಳಿಸಿಕೊಳ್ಳಲಿಲ್ಲ. ಆದರೆ ಮರುವಾರವೇ ಕುಂದಾಪುರದ ಒಂದು ಸ್ಟುಡಿಯೋಗೆ ಹೋಗಿ, ತಮ್ಮ ಕ್ಯಾಮೆರಾ ಮಾರಿ, ಭಾವನದೇ ಮಾದರಿಯ ಒಂದು ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮನ್ನು ಮಗುವಿನಂತೆ ಎದೆಗವಚಿಕೊಂಡು ಬಂದರು. ಲೆನ್ಸ್ ಮಾತ್ರ ಹಳೆಯದೇ, ಸಣ್ಣ ಸೆನ್ಸರಿಗೆಂದು ಬೇರೊಂದು ಕಂಪನಿ ಮಾಡಿದ್ದು. ಅದು ಹೊಸ ಕ್ಯಾಮೆರಾದ ಮೂತಿಗೆ ಠಕ್ಕೆಂದು ಕೂತಿತಲ್ಲ, ಇನ್ನೇನು ಬೇಕು?

"ಲೆನ್ಸ್ ಬೇರೆ ಬೇಡ್ದಾ?" ಎಂದಳು ವಿನಯಾ, ಅನುಮಾನದಿಂದ.

"ಲೆನ್ಸ್ ಅಂದ್ರೆ ಗಾಜ್ ಮಾರಾಯ್ತಿ. ಗಾಜಿಗೆ ದೊಡ್ಡದ್ ಸಣ್ಣದ್ ಎಂತದ್?"

ಹತ್ತು ಸೇರಿನ ಪಾತ್ರೆಗೆ ಐದು ಸೇರಿನ ಮುಚ್ಚಳ ಕೇಳುವ ಗಿರಾಕಿಗೆ ಅರ್ಧ ಗಂಟೆ ಬುದ್ಧಿ ಹೇಳಿ ಕಳಿಸುವ ಮಹಾನುಭಾವರ ಮಾತಿದು! ಅಸೂಯೆ ಮೊದಲು ತಿನ್ನುವುದೇ ನಮ್ಮ ಕಸುಬಿನ ಬುದ್ಧಿಯನ್ನು ನೋಡಿ. ಆದರೂ ಪರೀಕ್ಷೆ ಮಾಡಿದರು. ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿ, ಲೆನ್ಸನ್ನು ಹತ್ತಿರಕ್ಕೆಳೆದು ಮುಖವನ್ನಷ್ಟೇ ತೆಗೆದರು. ಪಟ ದಿವ್ಯವಾಗಿ ಬಂತು. (ಎಳೆದ ಲೆನ್ಸಿನಲ್ಲಿ ಬಾರದ ಆಪತ್ತು ಅಗಲ ಮಾಡಿದಾಗ ಬರುತ್ತದೆಂದು ಆ ಪುಣ್ಯಾತ್ಮರಿಗೆ ಹೇಳುವವರಾರು?)

ಮರುವರ್ಷದ ಹೊಸ್ತಿನ ಹಬ್ಬ ಬಂತು. ತೆನೆಗೆ ಪೂಜೆಯಾಗಿ, ಕಂಬ ಕಂಬಕ್ಕೂ ಕದಿರು ಕಟ್ಟಿಯಾಯಿತು. ಒಳಗೆ ಹೊಸ ಅಕ್ಕಿ ಬೇಯುವ ಪರಿಮಳ. ಪ್ರೇಮಾನಂದರು ಅಂಗಳದಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾವನ್ನು ಮೆಲ್ಲನೆ, ಗರ್ಭಗುಡಿಯ ಬಾಗಿಲು ತೆರೆದಂತೆ, ಚೀಲದಿಂದ ಹೊರತೆಗೆದರು. ಭಾವನ ಮುಖ ಕಪ್ಪಿಡುವುದನ್ನು ನೋಡಲು ಓರೆಗಣ್ಣು ಹಾಯಿಸಿದರು. ಭಾವನ ಮುಖ ಅರಳಿತು!

"ಹೋ, ಫುಲ್ ಫ್ರೇಮ್ ತಕಂಡ್ರ್ಯಾ? ಲಾಯ್ಕಾಯ್ತ್ ಪ್ರೇಮಾನಂದಣ್ಣ! ಈ ವರ್ಷ ನಾನ್ ಕ್ಯಾಮೆರಾ ಮುಟ್ಟುದಿಲ್ಲ, ನೀವೇ ತೆಗೀರಿ," ಎಂದ ರಾಜೇಂದ್ರರು, ಹತ್ತಿರ ಬಂದು ದನಿ ತಗ್ಗಿಸಿದರು. "ಆದ್ರೆ ಈ ಲೆನ್ಸ್ ಸಣ್ಣ ಸೆನ್ಸರಿಂದ್ ಅಲ್ದಾ? ಅಗಲ ಮಾಡ್ರೆ ಎರಡೂ ಬದಿ ಕಪ್ಪಾತ್ತ್. ನಂದ್ ಲೆನ್ಸ್ ಚೀಲದಗೆ ಇತ್ತ್, ಹಾಕ್ಕಣಿ."

ಎಂಥ ಸದ್ವಚನ! ಆದರೆ ಪ್ರೇಮಾನಂದರ ಕಿವಿಗೆ ಅದು ಬಿದ್ದದ್ದೇ ಬೇರೆ ಬಗೆಯಲ್ಲಿ. ಪಟ ಚೆನ್ನಾಗಿ ಬಂದರೆ ನಾಳೆ 'ನನ್ನ ಲೆನ್ಸಿನಿಂದ' ಎನ್ನಲಿಕ್ಕೆ ಹೂಡಿದ ಉಪಾಯವಿದು!

"ಬೇಡ ಭಾವ, ನಂದ್ರಗೇ ಆತ್ತ್," ಎಂದರು. "ಎತ್ತರ ಇದ್ದೋರ್ ಬದಿಗ್ ನಿಲ್ಕ್. ನೀವ್ ಆ ತುದಿಗ್ ಹೋಯ್ನಿ."

ಹೀಗೆ ಭಾವನನ್ನು ಸಾಲಿನ ಎಡತುದಿಗೆ ಗಡೀಪಾರು ಮಾಡಿದರು. ನಡುವೆ ಕುರ್ಚಿಯಲ್ಲಿ ಅತ್ತೆ, ಆಚೀಚೆ ಕುಸುಮಾವತಿ, ವಿನಯಾ, ತಮ್ಮ ಮಗಳು ಪ್ರಣೀತಾ, ಭಾವನ ಮಗಳು ಮೋಕ್ಷಿತಾ. ಅತ್ತೆಯ ಬಲಗೈ ಪಕ್ಕದಲ್ಲೇ ಒಂದಾಳಿನಷ್ಟು ಜಾಗ ಖಾಲಿ, ತಮಗೆಂದು. ಎಲ್ಲರೂ ಪಟದಲ್ಲಿ ಹಿಡಿಸಲೆಂದು ಲೆನ್ಸನ್ನು ಪೂರ್ತಿ ಅಗಲ ಮಾಡಿದರು. ಕ್ಯಾಮೆರಾದ ಕಿಂಡಿಯಲ್ಲಿ ಎರಡೂ ಬದಿ ಮಬ್ಬಾಗಿ ಕಂಡಿತು. ಸೂರಿನ ನೆರಳಿರಬೇಕು ಎಂದು ತಮಗೆ ತಾವೇ ಹೇಳಿಕೊಂಡು, ಟೈಮರ್ ಒತ್ತಿ, ಪಂಚೆ ಎತ್ತಿ ಓಡಿದರು.

ಅಷ್ಟರಲ್ಲಿ ಮೋಕ್ಷಿತಾ ಅಜ್ಜಿಯ ಪಕ್ಕದ ಖಾಲಿ ಜಾಗಕ್ಕೆ ಜಿಗಿದಿದ್ದಳು.

"ಹೆಣೆ, ಅದ್ ನನ್ ಜಾಗ!"

"ಹ್ವಾಯ್, ಓಡಿ ಅತ್ಲಾಗೆ, ಕೆಂಪ್ ಲೈಟ್ ಹೊಡಿತ್ತ್!" ಎಂದು ವಿನಯಾ ಕೂಗಿದಳು. ಪ್ರೇಮಾನಂದರು ಬಲತುದಿಗೆ ಹಾರಿ ನಿಂತದ್ದೂ ಕ್ಯಾಮೆರಾ ಕ್ಲಿಕ್ಕೆಂದದ್ದೂ ಒಟ್ಟಿಗೇ ಆಯಿತು.

ಎಲ್ಲರೂ ಕ್ಯಾಮೆರಾದ ಪರದೆಯ ಮೇಲೆ ಮುಗಿಬಿದ್ದರು. ನಡುವೆ ಹುಣ್ಣಿಮೆಯ ಚಂದ್ರನಂತೆ ದುಂಡಗೆ ಬೆಳಕು. ಅದರೊಳಗೆ ಹೆಂಗಸರು, ಮಕ್ಕಳು. ಎರಡು ಬದಿಯಲ್ಲಿ ಗಾಢಾಂಧಕಾರ.

"ಅಪ್ಪಯ್ಯ ಎಲ್ಲ್?" ಎಂದಳು ಪ್ರಣೀತಾ.

"ನಮ್ಮ್ ಅಪ್ಪಯ್ಯನೂ ಇಲ್ಲೆ!" ಎಂದಳು ಮೋಕ್ಷಿತಾ.

"ಬಲದ್ ಬದಿ ಕಪ್ಪಿನೊಳ್ಗೆ ಎಂತದೋ ಬಿಳಿ ಕಾಂತ್," ಎಂದು ಕುಸುಮಾವತಿ ಬಗ್ಗಿ ನೋಡಿದಳು. "ಹ್ವಾಯ್, ಅದ್ ಪ್ರೇಮಾನಂದನ ಪಂಚಿ ತುದಿ!"

ರಾಜೇಂದ್ರರು ನಗಲಿಲ್ಲ. ಸದ್ದಿಲ್ಲದೆ ತಮ್ಮ ಲೆನ್ಸನ್ನು ತಂದು ಮುಂದೆ ಹಿಡಿದರು. ನಕ್ಕಿದ್ದರೆ ಪ್ರೇಮಾನಂದರು ತಾಳಿಕೊಳ್ಳುತ್ತಿದ್ದರೋ ಏನೋ. ಆ ಸೌಜನ್ಯವನ್ನು ಹೇಗೆ ತಾಳುವುದು? ಆದರೆ ಅತ್ತೆ ಎದ್ದೇಬಿಟ್ಟರು.

"ನಂಗ್ ಇನ್ ಕೂಕಂಬುಕಾತಿಲ್ಲೆ. ಅನ್ನ ತಣೀತ್, ಉಂಬುಕೆ ಬನ್ನಿ."

ನಮ್ಮ ಕಡೆಯ ಹೊಸ್ತಿಗೊಂದು ಕಟ್ಟಳೆಯಿದೆ. ಹೊಸ ಅನ್ನದ ಮೊದಲ ತುತ್ತು ಬಾಯಿಗಿಡುವ ಮುನ್ನ, ಹಿರಿಯರೆಲ್ಲರನ್ನೂ ಒಬ್ಬೊಬ್ಬರಾಗಿ ಕರೆದು "ಹೊಸ್ತ್ ಉಣ್ತೆ" ಎಂದು ಅಪ್ಪಣೆ ಬೇಡಬೇಕು. ಅವರು "ಉಣ್ಣಿ" ಎನ್ನಬೇಕು. ಪ್ರೇಮಾನಂದರು ಅತ್ತೆಯನ್ನು ಕೇಳಿದರು. ಅತ್ತಿಗೆ ಕುಸುಮಾವತಿಯನ್ನು ಕೇಳಿದರು. ತುತ್ತು ಎತ್ತಿದರು.

"ಅಲ್ಲೊಬ್ರಿಗೆ ಕೇಣ್ಲಿಲ್ಲ," ಎಂದರು ಅತ್ತೆ. ಪಂಕ್ತಿಯ ಕೈಗಳೆಲ್ಲ ಎಲೆಯ ಮೇಲೇ ನಿಂತವು.

ತುತ್ತು ಕೈಯಲ್ಲಿ ಬಿಸಿ. ಒಂದು ವರ್ಷ ಸಾಕಿದ ಹೊಟ್ಟೆಕಿಚ್ಚು ನಾಲಿಗೆಯ ಮೇಲೆ ಕೂತು ಏಳಲೊಲ್ಲದು. ವಿನಯಾ ಮೊಣಕೈಯಿಂದ ತಿವಿದಳು.

"ಕೇಣಿ ಮಾರ್ರೆ, ಹಸಿವ್ ಆತ್ತ್."

"ಭಾವ..." ಎಂದರು ಪ್ರೇಮಾನಂದರು. ಒಮ್ಮೆ ಕೆಮ್ಮಿದರು. "ಹೊಸ್ತ್ ಉಣ್ತೆ ಭಾವ. ಆ ಲೆನ್ಸ್... ನಾನ್ ಆಗ್ಳೇ ತಕಣ್ಕಿತ್ತ್."

"ಉಣ್ಣಿ ಉಣ್ಣಿ," ಎಂದರು ರಾಜೇಂದ್ರರು. "ನಂಗೂ ಅಪ್ಪಣಿ ಕೊಡಿ. ವಯಸ್ಸಗೆ ನೀವ್ ದೊಡ್ಡೋರಲ್ದಾ?"

ಅಂದಿನ ಅನ್ನ ಗಂಟಲಲ್ಲಿ ಎಷ್ಟು ಸಲೀಸಾಗಿ ಇಳಿಯಿತೆಂದರೆ, ಪ್ರೇಮಾನಂದರು ಪಾಯಸಕ್ಕೆ ಮೂರು ಸಲ ಎಲೆ ಒಡ್ಡಿದರು. ಕೈ ತೊಳೆದು, ಕ್ಯಾಮೆರಾ ತೆರೆದು, ಆ ದರಿದ್ರ ಪಟವನ್ನು ಅಳಿಸಲು ಹೊರಟಾಗ ಅತ್ತೆ ತಡೆದರು.

"ಅಳ್ಸ್ಬೇಡಿ. ಅದೇ ಈ ವರ್ಷದ್ ಪಟ."

"ಅದ್ರಗೆ ನಾವಿಬ್ರೂ ಇಲ್ಯಲೆ ಅತ್ತೆ!"

"ಅದಕ್ಕೇ ಹೇಳ್ದೆ. ನಾನ್, ನನ್ ಹೆಣ್ಮಕ್ಳ್, ಮೊಮ್ಮಕ್ಳ್ ಮಾತ್ರ ಇಪ್ಪುದ್ ಬೇರೊಂದ್ ಪಟ ಇತ್ತಾ ಈ ಮನಿಯಗೆ? ಎಲ್ಲದ್ರಗೂ ನಿಮ್ಮಿಬ್ರ ಹೊಟ್ಟಿಯೇ ಅರ್ಧ ತುಂಬತ್ತ್."

ಹೀಗೆ ಪ್ರೇಮಾನಂದರು ಗೆದ್ದರು. ಚಾವಡಿಯ ಗೋಡೆಯಲ್ಲಿ ಈಗ ಅವರು ತೆಗೆದ ಪಟವೇ ಇದೆ, ಅಳಿಯಂದಿರಿಬ್ಬರನ್ನೂ ಬಿಟ್ಟು. ಬಂದ ನೆಂಟರು "ಅಳಿಯಂದಿರ್ ಬಂದಿರ್ಲಿಲ್ಯಾ?" ಎಂದು ಕೇಳುತ್ತಾರೆ. ಅಮ್ಮಣ್ಣಿಯವರು ಪಟದ ಕಪ್ಪು ಬದಿಗಳಿಗೆ ಬೆರಳಿಟ್ಟು, "ಬಂದಿದ್ರ್. ಇಲ್ಲೊಬ್ಬ, ಅಲ್ಲೊಬ್ಬ," ಎನ್ನುತ್ತಾರೆ. ಭಾವ ಮತ್ತು ಪ್ರೇಮಾನಂದರು ಅಕ್ಕಪಕ್ಕ ಕೂತು ಒಟ್ಟಿಗೇ ನಗುತ್ತಾರೆ.

ಆದ್ದರಿಂದ ಸಜ್ಜನರೇ, ನಿಮ್ಮ ಹೊಟ್ಟೆಯಲ್ಲೂ ಯಾರದೋ ಕ್ಯಾಮೆರಾ, ಯಾರದೋ ಕಾರು, ಯಾರದೋ ಮಗಳ ಮಾರ್ಕು ಕೂತು ಅನ್ನ ಇಳಿಯಗೊಡದೆ ಕಾಡುತ್ತಿದ್ದರೆ, ಹೊಸ್ತಿನ ಹಬ್ಬಕ್ಕೆ ಕಾಯಬೇಡಿ. ಇಂದೇ ಆ ಪುಣ್ಯಾತ್ಮರ ಮನೆಗೆ ಹೋಗಿ. ಅವರ ಪಕ್ಕದಲ್ಲಿ ಎಲೆ ಹಾಕಿಸಿಕೊಳ್ಳಿ. ಮೊದಲ ತುತ್ತು ಎತ್ತುವ ಮುನ್ನ ಅವರ ಮುಖ ನೋಡಿ, ಬಾಯಿ ಬಿಟ್ಟು, "ಉಣ್ತೆ" ಎಂದು ಅಪ್ಪಣೆ ಕೇಳಿ.