ಉಳಿತಾಯಕ್ಕೆ ಹಚ್ಚಿದ ಗೋರಂಟಿ

ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದವನು ನಾನು. ಒಂದು ನಟ್ಟು ಹೊರಗೆ ಹೋಗಬೇಕಾದರೂ ನನ್ನ ಸಹಿ ಬೇಕು. ಇಂಥವನಿಗೆ ತನ್ನ ಮನೆಯ ಬಚ್ಚಲನ್ನು ಶಿಸ್ತಿಗೆ ತರುವುದು ಎಷ್ಟರ ಕೆಲಸ ಎಂದುಕೊಂಡಿದ್ದೆ.

ಶಿಸ್ತಿನ ಪ್ರಶ್ನೆ ಎದ್ದದ್ದು ಒಂದು ಭಾನುವಾರ ಬೆಳಿಗ್ಗೆ. ನಮ್ಮ ಕ್ವಾರ್ಟರ್ಸಿನ ಬಚ್ಚಲ ಗೋಡೆಗೆ ಹೊಡೆದಿದ್ದ ಹಲಗೆಯು ಶಾಂಪೂ, ಕಂಡೀಷನರ್, ಕ್ರೀಮು, ಎಣ್ಣೆ ಮತ್ತು ನನಗೆ ಹೆಸರೇ ಗೊತ್ತಿಲ್ಲದ ಇನ್ನೂ ಹಲವು ಬಾಟಲಿಗಳ ಸಮೇತ ಕಿತ್ತುಕೊಂಡು ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ನಾನು ಕಿರುಚಿದ್ದು ಕೇಳಿ ನನ್ನ ಹೆಂಡತಿ ಜಯಾ ಓಡಿಬಂದಳು. ಬಂದವಳು ಮೊದಲು ನೋಡಿದ್ದು ನನ್ನ ಬೆರಳನ್ನಲ್ಲ, ಒಡೆದು ಚೂರಾಗಿದ್ದ ಒಂದು ಪುಟ್ಟ ಗಾಜಿನ ಬಾಟಲಿಯನ್ನು.

"ಅಯ್ಯೋ, ನನ್ ಸೀರಮ್ಮು ಓಯ್ತಲ್ಲ," ಎಂದಳು.

ಬಾತ ಬೆರಳನ್ನು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು ಕೂತು ನಾನು ಆ ಬೆಳಿಗ್ಗೆಯೇ ಆಜ್ಞೆ ಹೊರಡಿಸಿದೆ. ಇನ್ನು ಮೂರು ತಿಂಗಳು, ತಲೆಗಾಗಲಿ ಮುಖಕ್ಕಾಗಲಿ, ಅಂಗಡಿಯಿಂದ ಒಂದು ಬಾಟಲಿಯೂ ಈ ಮನೆಗೆ ಬರತಕ್ಕದ್ದಲ್ಲ. ಏನಿದ್ದರೂ ಮನೆಯಲ್ಲೇ ತಯಾರಾಗಬೇಕು.

"ಆ ಒಡ್ದೋಗಿದ್ದು ಒಂದ್ ಮಾತ್ರ ತಗೋತೀನಿ ಕಣ್ರೀ," ಎಂದಳು ಜಯಾ. "ಸೈನೈಡ್ ಗುಡ್ಡದ ದೂಳು ಬಡ್ದು ಕೂದ್ಲೆಲ್ಲ ತೆಂಗಿನ ನಾರಾಗೋಗದೆ."

ಸೈನೈಡ್ ಹಾಕಿ ಚಿನ್ನ ತೆಗೆದು ಬಿಸಾಡಿದ ಗಣಿಮಣ್ಣು ಗುಡ್ಡಗಳಾಗಿ ನಿಂತಿರುವ ಊರು ನಮ್ಮದು. ಗಾಳಿ ಬೀಸಿದರೆ ದೂಳು ಏಳುವುದು ನಿಜ. ಆದರೆ ಸ್ಟೋರ್ಸಿನವನು ಕನಿಕರಕ್ಕೆಲ್ಲ ಸಹಿ ಹಾಕುತ್ತ ಕೂತರೆ ಆಗುತ್ತದೆಯೇ?

"ಒಂದಕ್ಕೆ ಒಪ್ಪಿದ್ರೆ ಹತ್ತು ಬರುತ್ತೆ. ನಿಯಮ ಅಂದ್ಮೇಲೆ ನಿಯಮ."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ನಿಮ್ಗೂ ಅದೇ ನಿಯಮಾನಾ?"

"ಖಂಡಿತ," ಎಂದೆ. ನನ್ನ ತಲೆಯ ಕಪ್ಪು ಬಣ್ಣ ತಿಂಗಳಿಗೊಮ್ಮೆ ಪೊಟ್ಟಣದಲ್ಲಿ ಬರುತ್ತದೆ ಎಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ.

ಮೊದಲ ವಾರ ಎಣ್ಣೆ ಕಾಯಿಸಿದೆ. ಮೆಂತ್ಯ, ಕರಿಬೇವು, ಈರುಳ್ಳಿ ಎಲ್ಲವನ್ನೂ ಹಾಕಿ ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ತಲೆಗೆ ಹಚ್ಚಿಕೊಂಡು ಕೆಲಸಕ್ಕೆ ಹೋದೆ. ಕ್ಯಾಂಟೀನಿನ ಸಾಲಿನಲ್ಲಿ ನನ್ನ ಹಿಂದೆ ನಿಂತವನು, "ಇವತ್ತು ಈರುಳ್ಳಿ ಬೋಂಡಾ ಇದೆ ಅನ್ಸುತ್ತೆ," ಎಂದು ತನ್ನ ಹಿಂದಿನವನಿಗೆ ಹೇಳಿದ. ಬೋಂಡಾ ಇರಲಿಲ್ಲ. ನಾನಿದ್ದೆ.

ಎರಡನೆಯ ವಾರ ಸೀಗೆಪುಡಿ. ನನ್ನ ತಾಯಿ ಚಿಕ್ಕಂದಿನಲ್ಲಿ ನಮಗೆ ಸೀಗೆಪುಡಿ ಹಾಕಿ ತಲೆ ಉಜ್ಜುತ್ತಿದ್ದದ್ದು ನೆನಪಿತ್ತು. ಆಗ ಕಣ್ಣು ಬಿಗಿಯಾಗಿ ಮುಚ್ಚಿಕೋ ಎಂದು ಬೆನ್ನಿಗೊಂದು ಕೊಡುತ್ತಿದ್ದದ್ದು ಮಾತ್ರ ಮರೆತುಹೋಗಿತ್ತು. ಕೆಂಡದಂಥ ಎರಡು ಕಣ್ಣು ಹೊತ್ತು ಕಾರ್ಖಾನೆಗೆ ಹೋದಾಗ ಮೇಲ್ವಿಚಾರಕರು ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಮದ್ರಾಸ್ ಐ ಇಟ್ಕೊಂಡು ಡ್ಯೂಟಿಗೆ ಬರೋದೇನ್ರೀ? ಮೂರು ದಿನ ಈ ಕಡೆ ತಲೆ ಹಾಕ್ಬೇಡಿ."

ಇದು ಸೀಗೆಪುಡಿ ಸಾರ್ ಎಂದೆ. ಅವರು ಆಗಲೇ ಬಾಗಿಲು ಹಾಕಿಕೊಂಡಿದ್ದರು.

ಮನೆಯಲ್ಲಿ ಮೂರು ದಿನ ಕೂತಾಗಲೇ ನಾನು ಕನ್ನಡಿಯನ್ನು ಸರಿಯಾಗಿ ನೋಡಿದ್ದು. ಕೊನೆಯ ಪೊಟ್ಟಣ ಹಚ್ಚಿ ತಿಂಗಳ ಮೇಲಾಗಿತ್ತು. ಕಿವಿಯ ಪಕ್ಕದಿಂದ ನೆತ್ತಿಯವರೆಗೆ ಬಿಳಿ ಹಬ್ಬಿತ್ತು. ಮಗಳು ಹಾಸ್ಟೆಲಿನಿಂದ ವಿಡಿಯೋ ಕರೆ ಮಾಡಿದವಳು, "ಅಪ್ಪಾ, ಹುಷಾರಾಗಿದ್ದೀಯಾ?" ಎಂದು ಮೂರು ಸಲ ಕೇಳಿದಳು. ನಿಯಮ ಮುರಿಯುವಂತಿಲ್ಲ. ಪಕ್ಕದ ಮನೆಯ ಬೇಲಿಯಲ್ಲಿ ಗೋರಂಟಿ ಗಿಡ ಸೊಂಪಾಗಿ ಬೆಳೆದಿತ್ತು. ಕಬ್ಬಿಣದ ಬಾಣಲೆಯಲ್ಲಿ ನೆನೆಸಿದರೆ ಗೋರಂಟಿ ಕಪ್ಪು ಹಿಡಿಯುತ್ತದೆ ಎಂದು ಎಲ್ಲೋ ಕೇಳಿದ್ದೆ. ಸೊಪ್ಪು ರುಬ್ಬಿ, ನಿಂಬೆರಸ ಹಿಂಡಿ, ಬಾಣಲೆಯಲ್ಲಿ ನೆನೆಸಿ, ತಲೆಗೆ ಮೆತ್ತಿಕೊಂಡು, ಬಣ್ಣ ಚೆನ್ನಾಗಿ ಇಳಿಯಲಿ ಎಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಕೂತೆ.

ತೊಳೆದು ನೋಡಿದೆ. ಬಿಳಿ ಇದ್ದಲ್ಲೆಲ್ಲ ಕಿತ್ತಳೆ. ಕೂದಲೇ ಇಲ್ಲದ ನಡುನೆತ್ತಿಯೂ ಕಿತ್ತಳೆ. ಎರಡು ಕಿವಿಯ ತುದಿಗೂ ಅಷ್ಟಷ್ಟು ಹಂಚಿಕೆಯಾಗಿತ್ತು.

ಜಯಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಅವಳ ಹೆಗಲು ಕುಲುಕುತ್ತಿದ್ದದ್ದು ಅಳುವಿಗಲ್ಲ ಎಂಬುದು ನನಗೆ ಗೊತ್ತಿತ್ತು.

ಬೇರೆ ದಾರಿಯಿಲ್ಲದೆ ಪಕ್ಕದ ಮನೆಯ ಸೆಲ್ವಿಯಕ್ಕನ ಬಳಿ ಹೋದೆ. ಮನೆಯ ಮುಂದಿನ ಕೋಣೆಯಲ್ಲೇ ಪುಟ್ಟ ಪಾರ್ಲರ್ ನಡೆಸುವವಳು ಆಕೆ. ಗೋರಂಟಿ ಗಿಡದ ಒಡತಿಯೂ ಅವಳೇ.

"ಐಯೋ, ಎನ್ನಣ್ಣಾ ಇದು?" ಎಂದು ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟಳು. ನೆತ್ತಿ ಮುಟ್ಟಿ ನೋಡಿದಳು. ನಾನು ಉರಿ ಎಂದೆ. "ಈಗ ಇದರ ಮೇಲೆ ಡೈ ಆಕಂಗಿಲ್ಲಣ್ಣಾ. ಚರ್ಮ ಕಿತ್ಕೊಂಡ್ ಬತ್ತದೆ. ಒಂದ್ ತಿಂಗ್ಳು ಇಂಗೇ ಇರ್ಬೇಕು." ಆಮೇಲೆ ದನಿ ತಗ್ಗಿಸಿ, "ಸುಕ್ರವಾರ ಫೋಟೋಕೆ ಏನ್ ಮಾಡ್ತೀರಣ್ಣಾ?" ಎಂದಳು.

"ಯಾವ ಫೋಟೋ?"

ಸೆಲ್ವಿಯಕ್ಕ ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. "ಇಪ್ಪತ್ತೈದನೇ ವರ್ಸ ಅಲ್ವಾ ನಿಮ್ದು? ಬಂಗಾರಪೇಟೆ ಸ್ಟುಡಿಯೋಗೆ ಓಗಿ ಇಬ್ರೂ ಫೋಟೋ ತೆಗ್ಸಿಕೋಬೇಕು ಅಂತ ಅಕ್ಕ ಆರು ತಿಂಗ್ಳಿಂದ ಯೋಳ್ತಾವ್ರೆ. ಅದುಕ್ಕೇ ಒಂದೊಂದಾಗಿ ಆ ಕ್ರೀಮು, ಸೀರಮ್ಮು ಎಲ್ಲ ತಗೊಂಡಿದ್ದು. ಜೊರ ಬಂದು ಕೂದ್ಲೆಲ್ಲ ಉದುರೋಯ್ತಲ್ಲ, ಓದ್ ವರ್ಸ. ಮದ್ವೇದು ಒಂದು ಫೋಟೋನೂ ಇಲ್ವಂತೆ ನಿಮ್ದು, ನಿಜಾನಾ?"

ನಿಜ. ಮದುವೆಗೆ ಸ್ಟುಡಿಯೋದವರನ್ನು ಕರೆಸೋಣ ಎಂದು ಜಯಾಳ ತಂದೆ ಹೇಳಿದಾಗ, ದಂಡದ ಖರ್ಚು ಬೇಡ, ನನ್ನ ಚಿಕ್ಕಪ್ಪನ ಮಗನ ಹತ್ತಿರ ಕ್ಯಾಮೆರಾ ಇದೆ ಎಂದವನು ನಾನೇ. ಅವನು ಮುಹೂರ್ತದಿಂದ ಊಟದವರೆಗೆ ಒಂದೂ ಬಿಡದೆ ತೆಗೆದ. ಕ್ಯಾಮೆರಾದಲ್ಲಿ ರೀಲು ಇರಲಿಲ್ಲ. ಜಯಾ ಆಗ ನಕ್ಕು ಸುಮ್ಮನಾಗಿದ್ದಳು. ಇಪ್ಪತ್ತೈದು ವರ್ಷ ಸುಮ್ಮನೆ ಇದ್ದಳು ಎಂಬುದು ನನಗೆ ಹೊಳೆದದ್ದು ಆ ಪಾರ್ಲರಿನ ಕುರ್ಚಿಯಲ್ಲಿ, ಕಿತ್ತಳೆ ತಲೆ ಹೊತ್ತು ಕೂತಾಗ.

ಮರುದಿನವೇ ಆ ಸೀರಮ್ಮು ತರಲು ಹೊರಟೆ. ಹತ್ತಿರದ ರಾಬರ್ಟ್‌ಸನ್‌ಪೇಟೆಯಲ್ಲಿ ಎಲ್ಲರೂ ಪರಿಚಯದವರು; ಆದ್ದರಿಂದ ಸುಡುಬಿಸಿಲಿನಲ್ಲಿ ಉಣ್ಣೆಯ ಮಂಕಿ ಟೋಪಿ ಹಾಕಿಕೊಂಡು ಬಂಗಾರಪೇಟೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಟೋಪಿಯನ್ನೂ ಕೆಂಪು ಕಣ್ಣನ್ನೂ ನೋಡಿ ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಅಂಗಡಿಯ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು. "ಮೇಡಮ್ಮವ್ರ ಕೂದ್ಲು ಎಂಗಿದೆ ಸಾರ್?"

"ಚೆನ್ನಾಗಿದೆ."

"ಅದಲ್ಲ ಸಾರ್. ಒಣ ಕೂದ್ಲಾ, ಜಿಡ್ಡಾ? ನೆಟ್ಟಗಿರೋದಾ, ಗುಂಗುರಾ?"

ನನ್ನ ಸ್ಟೋರ್ಸಿನಲ್ಲಿ ಯಾವ ಗೂಡಿನಲ್ಲಿ ಯಾವ ಅಳತೆಯ ಬೋಲ್ಟಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇಲ್ಲಿ ನೆನಪಿನ ಗೂಡು ತಡಕಬೇಕಾಯಿತು. "ದಪ್ಪ ಜಡೆ," ಎಂದೆ. "ಸೊಂಟದವರೆಗೆ ಬರುತ್ತೆ. ಹಣೆ ಹತ್ತಿರ ಸ್ವಲ್ಪ ಗುಂಗುರು." ಹುಡುಗಿ ಮೆಚ್ಚಿಕೊಂಡು ಒಂದು ಬಾಟಲಿ ಕೊಟ್ಟಳು. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಗೊತ್ತಾಯಿತು, ನಾನು ಹೇಳಿದ್ದು ಹಸೆಮಣೆಯ ಮೇಲೆ ಕೂತಿದ್ದ ಹುಡುಗಿಯ ಕೂದಲು.

ಜಯಾ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದಿದಳು. "ಇದು ದಟ್ಟವಾಗಿರೋ ಗುಂಗುರು ಕೂದ್ಲಿಗೆ ಕಣ್ರೀ."

"ಎಂಥ ಕೂದ್ಲು ಅಂತ ಅಂಗಡಿ ಹುಡುಗಿ ಕೇಳಿದ್ಲು. ನನಗೆ ಮದುವೆ ದಿನದ್ದೇ ನೆನಪಾಯ್ತು."

ಅವಳು ಸೀರಮ್ಮಿನ ಎರಡು ತೊಟ್ಟು ಅಂಗೈಗೆ ಬಿಟ್ಟುಕೊಂಡು, ಹೆಗಲಿಗೂ ಮುಟ್ಟದ ತನ್ನ ತೆಳು ಕೂದಲಿಗೆ ನಿಧಾನವಾಗಿ ಸವರಿಕೊಂಡಳು. ಕೈಯಲ್ಲಿ ಉಳಿದಿದ್ದನ್ನು ನನ್ನ ಉರಿಯುವ ಕಿವಿಗೆ ಒರೆಸಿದಳು.

"ಟೋಪಿ ತೆಗೀರಿ ಮೊದ್ಲು. ಸೆಕೆ ಆಗಲ್ವಾ?"

ಶುಕ್ರವಾರ ಸ್ಟುಡಿಯೋಗೆ ಹೋದೆವು. ಜಯಾ ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಫೋಟೋ ತೆಗೆಯುವವನು ನನ್ನನ್ನು ಕಂಡು, ಯೋಚನೆ ಬೇಡ ಸಾರ್, ಕಂಪ್ಯೂಟರಲ್ಲಿ ಕಪ್ಪು ಮಾಡೋಣ ಎಂದು ಧೈರ್ಯ ಹೇಳಿದ. ಮಾಡಿ ತೋರಿಸಿದ. ತೆರೆಯ ಮೇಲೆ ಹೆಲ್ಮೆಟ್ ಹಾಕಿದ ಯಾರೋ ಜಯಾಳ ಪಕ್ಕ ನಿಂತಿದ್ದ.

"ಬ್ಯಾಡಪ್ಪ," ಎಂದಳು ಜಯಾ. "ಇವ್ರು ಯಾರೋ ಬೇರೆಯೋರು. ಕಪ್ಪು ಬಿಳುಪಲ್ಲಿ ಕೊಟ್ಬಿಡು. ಗೋರಂಟಿ ಯಾರ್ಗೂ ಗೊತ್ತಾಗಲ್ಲ." ನನ್ನ ಮರ್ಯಾದೆ ಉಳಿಸಲು ರೇಷ್ಮೆ ಸೀರೆಯ ಬಣ್ಣವನ್ನೇ ಬಿಟ್ಟುಕೊಟ್ಟಿದ್ದಳು. ಹೊರಗೆ ಬಂದು ಇಬ್ಬರೂ ತಳ್ಳುಗಾಡಿಯ ಬಳಿ ಪಾನಿಪುರಿ ತಿಂದೆವು. ಖಾರಕ್ಕೆ ನನ್ನ ಕಣ್ಣು ಮತ್ತೆ ಕೆಂಪಾಯಿತು. ಅವಳು ಇನ್ನೊಂದು ಪ್ಲೇಟ್ ಹೇಳಿದಳು.

ಫೋಟೋ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದೆ. ಜಯಾ ಅದರಲ್ಲಿ ತುಂಬ ಚೆನ್ನಾಗಿ ಬಂದಿದ್ದಾಳೆ. ಯಾವ ಸೀರಮ್ಮಿಗೂ ಅದರ ಶ್ರೇಯಸ್ಸು ಕೊಡಲಾರೆ. ಆದರೆ ಕಪ್ಪು ಬಿಳುಪಿನಲ್ಲಿ ಕಿತ್ತಳೆ ಯಾವ ಬಣ್ಣವಾಗುತ್ತದೆ ಎಂದು ನಾವಿಬ್ಬರೂ ಯೋಚಿಸಿರಲಿಲ್ಲ. ನನ್ನ ತಲೆ ಒಂದೇ ಸಮನೆ ಬೆಳ್ಳಗಾಗಿತ್ತು.

ಮುಂದಿನ ವಾರ ಬೂದಿಕೋಟೆಯಿಂದ ಜಯಾಳ ದೊಡ್ಡಮ್ಮ ಬಂದರು. ಕಣ್ಣು ಸ್ವಲ್ಪ ಮಂಜು. ಫೋಟೋದ ಹತ್ತಿರ ಹೋಗಿ ಬಹಳ ಹೊತ್ತು ನಿಂತರು.

"ಎಂಗವ್ರೆ ನೋಡು ನಿಮ್ಮಪ್ಪ," ಎಂದರು. "ದೇವ್ರಂತ ಮನ್ಸ. ತೀರೋಗಿ ಅತ್ತು ವರ್ಸ ಆಯ್ತಲ್ವಾ? ಯಾವಾಗಮ್ಮ ತೆಗ್ಸಿದ್ದು ಇದು?"

ಜಯಾ ನನ್ನ ಕಡೆ ಒಮ್ಮೆ ನೋಡಿದಳು. "ಬಾಳ ದಿನ ಆಯ್ತು ದೊಡ್ಡಮ್ಮ," ಎಂದಳು.

ದೊಡ್ಡಮ್ಮ ಚೀಲದಿಂದ ಕನಕಾಂಬರದ ದಂಡೆ ತೆಗೆದು, ಒಂದು ತುಂಡು ಹರಿದು ಫೋಟೋದಲ್ಲಿ ನಾನಿದ್ದ ಕಡೆಗೆ ಭಕ್ತಿಯಿಂದ ಸಿಕ್ಕಿಸಿ ಕೈ ಮುಗಿದರು. ಆಮೇಲೆ ನನ್ನತ್ತ ತಿರುಗಿ, "ನೀನೂ ಅವಳ ಜತೆ ಇಂಗೇ ಒಂದು ತೆಗ್ಸಿಕೊಳಪ್ಪ, ಚಂದಾಗಿರ್ತದೆ," ಎಂದರು.

"ಆಗ್ಲಿ ದೊಡ್ಡಮ್ಮ, ತೆಗೆಸ್ತೀವಿ," ಎಂದು ಕಾಫಿ ಲೋಟವನ್ನು ಅವರ ಕೈಗಿತ್ತೆ.