ಮಾರ್ಚ್ ತಿಂಗಳ ಡೈನೋಸಾರ್

ನಮ್ಮ ಕೇರಿಯ ಒಂದು ಗುಟ್ಟನ್ನು ನಿಮ್ಮ ಹತ್ತಿರ ಹೇಳಿಬಿಡುತ್ತೇನೆ. ಗುಟ್ಟು ಎಂದರೂ ಗಂಗೊಳ್ಳಿಯ ಬೇಕರಿಯವರಿಗೆಲ್ಲ ಗೊತ್ತಿರುವ ಗುಟ್ಟೇ. ನಮ್ಮ ಕೇರಿಯ ಮುಕ್ಕಾಲು ಪಾಲು ಮಕ್ಕಳು ಹುಟ್ಟಿದ್ದು ಮಾರ್ಚ್‌ನಲ್ಲಿ, ತಪ್ಪಿದರೆ ಏಪ್ರಿಲ್‌ನಲ್ಲಿ. ಹೊರಗಿನವರು ಇದೇನು ನಕ್ಷತ್ರಬಲವೋ ಎಂದು ಹುಬ್ಬೇರಿಸುತ್ತಾರೆ. ಬಲ ನಕ್ಷತ್ರದ್ದಲ್ಲ, ಸರ್ಕಾರದ್ದು. ಜೂನ್, ಜುಲೈ ಎರಡು ತಿಂಗಳು ಮೀನು ಮರಿ ಮಾಡಲಿ ಎಂದು ಸರ್ಕಾರ ಬೋಟುಗಳಿಗೆ ರಜೆ ಕೊಡುತ್ತದೆ. ಬೋಟುಗಳೆಲ್ಲ ಹೊಳೆಯಲ್ಲಿ ಒಂದಕ್ಕೊಂದು ಆತು ನಿಲ್ಲುತ್ತವೆ. ಹೊರಗೆ ಜಡಿಮಳೆ, ಗಂಡಸರೆಲ್ಲ ಮನೆಯಲ್ಲಿ. ರಜೆ ಕೊಟ್ಟದ್ದು ಮೀನಿಗೆ, ಉಪಯೋಗಿಸಿಕೊಂಡವರು ನಾವು. ಮುಂದಿನ ಲೆಕ್ಕ ನೀವೇ ಬೆರಳು ಮಡಚಿ ಮಾಡಿಕೊಳ್ಳಿ, ನಾನು ಮರ್ಯಾದಸ್ಥರ ಮನೆಯ ಸೊಸೆ.

ನಾನು ಈ ಮನೆಗೆ ಮದುವೆಯಾಗಿ ಬಂದ ಹೊಸತರಲ್ಲಿ ಈ ವಿಷಯಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕವಳು. ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬಂದವರನ್ನೆಲ್ಲ ಕೂರಿಸಿಕೊಂಡು, ನಿಮ್ಮ ಮಗನೂ ಮಾರ್ಚಾ, ನಿಮ್ಮ ಮಗಳೂ ಮಾರ್ಚಾ ಎಂದು ಚುಡಾಯಿಸುತ್ತಿದ್ದೆ. ದೇವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ನನ್ನ ಮಗಳು ಚಿನ್ನು ಹುಟ್ಟಿದ್ದು ಮಾರ್ಚ್ ಕೊನೆಯ ವಾರ. ಆವತ್ತು ಆಸ್ಪತ್ರೆಯಲ್ಲಿ ನಗು ಬರಲಿಲ್ಲ. ಯಾಕೆಂದರೆ ಈ ಲೆಕ್ಕದಲ್ಲಿ ಒಂದು ಕೊಕ್ಕೆ ಇದೆ ಎಂಬುದು ನನಗೆ ಆಗ ಹೊಳೆಯಿತು. ಮಾರ್ಚ್ ಎಂದರೆ ಬೋಟುಗಳು ಆಳಸಮುದ್ರದಲ್ಲಿರುವ ಕಾಲ. ಅಪ್ಪ ಮನೆಯಲ್ಲಿದ್ದಾಗ ಗರ್ಭಕ್ಕೆ ಬಂದ ಮಗು, ಅಪ್ಪ ಮನೆಯಲ್ಲಿಲ್ಲದಾಗಲೇ ಹುಟ್ಟುತ್ತದೆ. ಅಷ್ಟೇ ಅಲ್ಲ, ಮುಂದೆ ಪ್ರತಿ ವರ್ಷದ ಬರ್ತ್‌ಡೇಗೂ ಅಪ್ಪ ಇರುವುದಿಲ್ಲ. ನಮ್ಮವರು ಬೋಟಿನ ತಾಂಡೇಲರು, ಎಂದರೆ ಬೋಟನ್ನು ಮುಂದೆ ನಿಂತು ನಡೆಸುವವರು. ಉಳಿದವರಾದರೂ ಒಂದು ಟ್ರಿಪ್ ತಪ್ಪಿಸಬಹುದು, ತಾಂಡೇಲರು ದಡದಲ್ಲಿ ಉಳಿದರೆ ಬೋಟೇ ದಡದಲ್ಲಿ ಉಳಿಯುತ್ತದೆ. ಚಿನ್ನುವಿನ ಮೊದಲ ನಾಲ್ಕು ಬರ್ತ್‌ಡೇ ಫೋಟೋಗಳು ನಮ್ಮ ಗೋಡೆಯ ಮೇಲಿವೆ. ನಾಲ್ಕರಲ್ಲೂ ಕೇಕ್ ಇದೆ, ನಾನಿದ್ದೇನೆ, ಅತ್ತೆಯಿದ್ದಾರೆ, ಒಂದರಲ್ಲಿ ಪಕ್ಕದ ಮನೆಯ ನಾಯಿ ಕೂಡ ಇದೆ.

ಹೋದ ವರ್ಷ ಅವಳಿಗೆ ಐದು ತುಂಬುವುದಿತ್ತು. ಬೇರೆ ಹೆಣ್ಣುಮಕ್ಕಳು ಗೊಂಬೆ, ಬಳೆ ಎನ್ನುವ ವಯಸ್ಸಿನಲ್ಲಿ ನನ್ನ ಮಗಳಿಗೆ ಡೈನೋಸಾರ್ ಹುಚ್ಚು. ಅಂಗನವಾಡಿಯ ಗೋಡೆಯಲ್ಲಿ ಬರೆದ ಚಿತ್ರದಿಂದ ಅಂಟಿದ ರೋಗ ಅದು. ಬೆಳಿಗ್ಗೆ ಏಳುವಾಗಲೇ ಘರ್ಜನೆ, ದೋಸೆಯನ್ನು ಕೈಯಲ್ಲಿ ಮುಟ್ಟದೆ ನೇರ ಬಾಯಲ್ಲಿ ಹರಿಯುವುದು. ಬರ್ತ್‌ಡೇಗೆ ಏನು ಬೇಕೆಂದು ಕೇಳಿದರೆ ಅವಳ ಉತ್ತರ ಸಿದ್ಧವಿತ್ತು. "ನಂಗೆ ಎರಡೇ ಬೇಕ್ ಅಮ್ಮ. ದೊಡ್ಡ ಡೈನೋಸಾರ್ ಒಂದ್, ಅಪ್ಪಯ್ಯ ಒಂದ್."

ಕೋಟ್ಯಂತರ ವರ್ಷಗಳ ಹಿಂದೆ ಸತ್ತುಹೋದ ಪ್ರಾಣಿಯನ್ನು ತರುವುದೇ ಸುಲಭ ಎಂದು ನನಗೆ ಅನ್ನಿಸಿತು.

ಆದರೂ ನಮ್ಮವರು ಹೊರಡುವ ದಿನ ಅಂಗಳದಲ್ಲಿ ನಿಂತು ಮಗಳಿಗೆ ಮಾತು ಕೊಟ್ಟರು. "ಎಂಟೇ ದಿನದ್ ಐಸ್ ಹಾಕಂಡ್ ಹೋತಾ ಇದ್ದೆ. ಐಸ್ ಮುಗದ್ ಮೇಲೆ ಸಮುದ್ರದಗೆ ಕೂಕಂಡ್ ಎಂತ ಮಾಡುದ್? ಬತ್ತೆ." ಬರ್ತ್‌ಡೇ ಇದ್ದದ್ದು ಒಂಬತ್ತನೆಯ ದಿನ. ನಾನು ಅಷ್ಟಕ್ಕೆ ನಂಬುವವಳಲ್ಲ. ಗಂಡಸರ ಮಾತಿಗಿಂತ ಐಸಿನ ಮಾತು ಖರೆ. ಹಿಡಿದ ಮೀನು ಕೆಡದಂತೆ ಇಡಲು ಐಸ್ ಬೇಕೇ ಬೇಕು. ಅದು ಕರಗಿತೆಂದರೆ ಎಂಥ ತಾಂಡೇಲನೂ ಬಾಲ ಮುದುರಿ ದಡಕ್ಕೆ ಬರಬೇಕು. ಐಸ್ ಪ್ಲಾಂಟಿನ ಶೇಖರಣ್ಣನಿಗೆ ಫೋನ್ ಮಾಡಿ, ನಮ್ಮ ಬೋಟಿಗೆ ಎಷ್ಟು ದಿನದ ಐಸ್ ಹಾಕಿದ್ದೀರಿ ಎಂದು ಕೇಳಿದೆ. ಆಚೆಯಿಂದ ಮೊದಲು ನಗು ಬಂತು. "ಎಂಟ್ ದಿನದ್ದೇ ಹೌದ್ ಮರಾಯ್ತಿ. ಗಂಡ ಬಪ್ದನ್ನ ಐಸಲ್ಲ್ ಲೆಕ್ಕ ಹಾಕುದ್ ಈ ಊರಗೆ ನೀನೊಬ್ಳೇ ಕಾಣ್." ನಗಲಿ ಬಿಡಿ. ಆ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಇನ್ನು ಉಳಿದದ್ದು ಡೈನೋಸಾರ್. ಮೀನು ಕಳಿಸುವ ಥರ್ಮಾಕೋಲ್ ಪೆಟ್ಟಿಗೆಗಳು ಬಂದರಿನಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಎಂಟು ಪೆಟ್ಟಿಗೆ ತಂದು, ಮೂರು ನೀರು ತೊಳೆದು, ಲಿಂಬೆ ತಿಕ್ಕಿ ಒಣಗಿಸಿದೆ. ಪೆಟ್ಟಿಗೆಗಳನ್ನು ಅಂಟಿಸಿ ಮೈ ಮಾಡಿ, ಬ್ಲೌಸಿನ ಲೈನಿಂಗ್ ಬಟ್ಟೆಯಲ್ಲಿ ಉಳಿದ ಹಸಿರು ತುಂಡುಗಳನ್ನೆಲ್ಲ ಜೋಡಿಸಿ ಚರ್ಮ ಹೊಲಿದೆ. ಹದಿನೈದು ವರ್ಷ ಬ್ಲೌಸ್ ಹೊಲಿದ ಕೈ ಸುಮ್ಮನಿರುತ್ತದೆಯೇ? ಮುಗಿಸಿ ದೂರ ನಿಂತು ನೋಡಿದರೆ, ಪ್ರಾಣಿಗೆ ಎದೆಯ ಹತ್ತಿರ ಎರಡು ಟಕ್ಸ್ ಮಡಿಕೆ ಬಿದ್ದು, ಸೊಂಟ ಹಿಡಿದು, ಮದುವೆಗೆ ಹೊರಟ ಹೆಂಗಸಿನ ಹಾಗೆ ನಿಂತಿತ್ತು.

ಮೂವತ್ತು ವರ್ಷ ಹೆಮ್ಮಾಡಿ ಪೇಟೆಯಲ್ಲಿ ಮೀನು ಮಾರಿದ ನನ್ನ ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಮೀನಾದರೆ ಕಿವಿರು ಎತ್ತಿ ನೋಡುವ ಅಭ್ಯಾಸ ಅವರಿಗೆ. ಇದಕ್ಕೂ ಕತ್ತಿನ ಹತ್ತಿರ ಬೆರಳು ಹಾಕಿ ನೋಡಿದರು. "ಇದ್ ಎಂತದೇ? ನೀರಗೆ ಇಪ್ದಾ, ಮೇಲೆ ಇಪ್ದಾ?"

"ಮೇಲೆ ಇಪ್ದ್ ಅಜ್ಜಿ," ಎಂದಳು ಚಿನ್ನು. "ಈಗ ಇಲ್ಲೆ. ಎಲ್ಲ ಸತ್ತ್ ಹೋಯ್ತ್."

"ಇಷ್ಟ್ ದೊಡ್ಡ ಮೈ ಇಟ್ಕಂಡ್ ಈಜುಕ್ ಬತ್ತಿಲ್ಲೆ ಅಂದ್ರೆ ಸಾಯ್ದೆ ಎಂತ ಮಾಡತ್ತ್?" ಎಂದ ಅತ್ತೆ, ಅದು ಮತ್ತೊಮ್ಮೆ ಸಾಯುವುದು ಬೇಡವೆಂದು ರಟ್ಟಿನಲ್ಲಿ ಎರಡು ಈಜುರೆಕ್ಕೆ ಕತ್ತರಿಸಿ ಪಕ್ಕಕ್ಕೆ ಅಂಟಿಸಿಯೇಬಿಟ್ಟರು. ಚಿನ್ನು ಅತ್ತಳು. ಅಜ್ಜಿ ಜಗ್ಗಲಿಲ್ಲ. ಕೊನೆಗೆ, ನಮ್ಮದು ಗಂಗೊಳ್ಳಿಯ ಡೈನೋಸಾರ್, ಹಾಗಾಗಿ ರೆಕ್ಕೆ ಇರುತ್ತದೆ ಎಂದು ನಾನೇ ರಾಜಿ ಮಾಡಿಸಿದೆ. ಕಣ್ಣಿಗೆ ಎರಡು ದೊಡ್ಡ ಕಪ್ಪು ಕೋಟಿನ ಗುಂಡಿ ತೆಗೆದಿಟ್ಟಿದ್ದೆ. ಒಂದನ್ನು ಹೊಲಿದು ಇನ್ನೊಂದನ್ನು ಹುಡುಕಿದರೆ ಗುಂಡಿ ಇಲ್ಲ. ಅದು ಚಿನ್ನುವಿನ ಮುಷ್ಟಿಯಲ್ಲಿತ್ತು. "ಇದ್ ಅಪ್ಪಯ್ಯ ಹಚ್ಚುದ್," ಎಂದಳು. ಬೈದರೂ ಮುಷ್ಟಿ ಬಿಚ್ಚಲಿಲ್ಲ.

ಎಂಟನೆಯ ದಿನ ನಾನು ಒಂದು ಪಾವು ಅಕ್ಕಿ ಹೆಚ್ಚು ಹಾಕಿದೆ. ಅವರ ಚೌಕುಳಿ ಲುಂಗಿಯನ್ನು ಒಗೆಯದೆ ಬಾಗಿಲ ಹಿಂದಿನ ಮೊಳೆಯಲ್ಲೇ ಬಿಟ್ಟಿದ್ದೆ. ಒಗೆದರೆ ವಾಸನೆ ಹೋಗುತ್ತದಲ್ಲ. ಮದುವೆಯಾಗಿ ಇಷ್ಟು ವರ್ಷವಾಯಿತು, ಮಗಳು ಘರ್ಜಿಸುವಷ್ಟು ದೊಡ್ಡವಳಾಗಿದ್ದಾಳೆ, ಇದನ್ನೆಲ್ಲ ಹೇಳಿಕೊಳ್ಳಬಾರದು. ಆದರೆ ನಿಜ ಹೇಳುತ್ತೇನೆ, ಡೈನೋಸಾರಿಗಿಂತ ಅಪ್ಪಯ್ಯ ಬೇಕಾದದ್ದು ಚಿನ್ನು ಒಬ್ಬಳಿಗೇ ಅಲ್ಲ. ಆ ಸಂಜೆ ಮೂರು ಬೋಟು ಬಂದವು. ನಮ್ಮದು ಬರಲಿಲ್ಲ. ಫೋನ್ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಅದೇ ಹೆಂಗಸು, ಅದೇ ರಾಗದಲ್ಲಿ ಹೇಳಿದಳು. ವರ್ಷದಲ್ಲಿ ನಾನು ಗಂಡನ ಮಾತಿಗಿಂತ ಹೆಚ್ಚು ಕೇಳುವುದು ಅವಳ ಮಾತನ್ನೇ.

ಮರುದಿನ ಪಾರ್ಟಿ. ಕೇರಿಯ ಮಕ್ಕಳೆಲ್ಲ ಬಂದರು. ದುಂಡಗೆ ಕರಿದ ಗೋಳಿಬಜೆಗೆ ಡೈನೋಸಾರ್ ಮೊಟ್ಟೆ ಎಂದು ಹೆಸರಿಟ್ಟಿದ್ದೆ, ಎರಡು ಬಾಣಲೆ ಮೊಟ್ಟೆ ಕ್ಷಣದಲ್ಲಿ ಖಾಲಿಯಾಯಿತು. ಕರೆಯದೆ ಬಂದವರೂ ಇದ್ದರು. ಮೂರು ನೀರು, ಲಿಂಬೆ ಎಲ್ಲ ನಮ್ಮ ಮೂಗಿಗೆ ಮಾತ್ರ, ಬೆಕ್ಕಿನ ಮೂಗಿಗಲ್ಲ. ಬಿಸಿಲೇರಿದಂತೆ ಪೆಟ್ಟಿಗೆಗಳಿಂದ ಹಳೆಯ ಬಂಗುಡೆ ಮೀನುಗಳ ನೆನಪು ಹೊರಡತೊಡಗಿತು, ಕೇರಿಯ ಬೆಕ್ಕುಗಳೆಲ್ಲ ಡೈನೋಸಾರಿನ ಸುತ್ತ ಕೂತವು. ಒಂದು ಕಪ್ಪು ಬೆಕ್ಕು ಬಾಲವನ್ನು ನೆಕ್ಕಿ ನೋಡಿ ಆಮೇಲೆ ಕಚ್ಚಿತು. ಭೂಮಿಯನ್ನೇ ನಡುಗಿಸಿದ ಪ್ರಾಣಿ ನಮ್ಮ ಅಂಗಳದಲ್ಲಿ ಬೆಕ್ಕಿನ ಬಾಯಿಗೆ ಬಿತ್ತು.

ಚಿನ್ನು ಕೇಕ್ ಕತ್ತರಿಸಲು ಒಪ್ಪಲಿಲ್ಲ. ಕೈಯಲ್ಲಿ ಗುಂಡಿ ಹಿಡಿದು ಗೇಟನ್ನೇ ನೋಡುತ್ತಿದ್ದಳು. ಐಸ್ ಮುಗಿದಿದೆ, ಈಗ ಬರುತ್ತಾರೆ ಎಂದು ನಾನು ಹೇಳುತ್ತಿದ್ದೆ. ಗೇಟು ಕಿರ್ ಎಂದಿತು. ಒಳಗೆ ಬಂದವನು ಪಕ್ಕದ ಮನೆಯ ಸುರೇಶ, ಅವನೂ ಬೇರೊಂದು ಬೋಟಿನ ತಾಂಡೇಲ. ಮುಖ ಅರಳಿತ್ತು. "ಹೆದ್ರುದ್ ಬ್ಯಾಡ ಅಕ್ಕ. ನಮ್ ಬೋಟಿನ ಇಂಜಿನ್ ಕೈ ಕೊಡ್ತ್, ಅದ್ಕೆ ವಾಪಾಸ್ ಬಂದದ್ದ್. ಅಣ್ಣಂಗೆ ಅಲ್ಲಿ ಬೊಂಡಾಸ್ ಭರ್ತಿ ಸಿಕ್ತಾ ಇತ್, ಐಸ್ ಸಾಕಾತಿಲ್ಲೆ ಅಂದ್ರ್. ನಮ್ಮಲ್ ಉಳ್ದ್ ಐಸ್ ಎಲ್ಲ ಅವ್ರಿಗೇ ಕೊಟ್ಟ್ ಬಂದೆ. ಇನ್ನ್ ನಾಕ್ ದಿನಕ್ಕೆ ಎಂತ ತೊಂದ್ರಿ ಇಲ್ಲೆ."

ಪುಣ್ಯಾತ್ಮ ಉಪಕಾರ ಮಾಡಿದ ಖುಷಿಯಲ್ಲಿ ನಿಂತಿದ್ದ. ಬೊಂಡಾಸಿನಂಥ ಬೆಲೆಬಾಳುವ ಮೀನು ಸಿಗುವಾಗ ಬೋಟು ತಿರುಗಿಸಲು ಬರುವುದಿಲ್ಲ, ಅದರಲ್ಲಿ ಎಂಟು ಮನೆಯ ಅನ್ನ ಇರುತ್ತದೆ, ನನಗೆ ಗೊತ್ತು. ಸುರೇಶನಿಗೆ ಒಂದು ತಟ್ಟೆ ಗೋಳಿಬಜೆ ಕೊಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ. ಈರುಳ್ಳಿ ಯಾವುದಕ್ಕೂ ಬೇಕಿರಲಿಲ್ಲ. ಅತ್ತೆ ಬಂದು ಪಕ್ಕದಲ್ಲಿ ನಿಂತರು, ಕಣ್ಣು ನೋಡಿದರು, ಇನ್ನೊಂದು ಈರುಳ್ಳಿ ಕೈಗಿಟ್ಟರು. ಅವರದೂ ಐದು ಮಕ್ಕಳು, ಐದೂ ಮಾರ್ಚ್, ಏಪ್ರಿಲ್.

ಐದನೆಯ ಫೋಟೋದಲ್ಲಿ ಒಕ್ಕಣ್ಣ ಡೈನೋಸಾರ್ ಇದೆ, ಬೆಕ್ಕುಗಳಿವೆ, ಅತ್ತು ಮೂಗು ಕೆಂಪಾದ ಚಿನ್ನು ಇದ್ದಾಳೆ.

ನಾಲ್ಕು ದಿನ ಕಳೆದು ನಮ್ಮವರು ಬಂದರು. ಗಡ್ಡ ಬೆಳೆದಿತ್ತು, ಮೈಯೆಲ್ಲ ಉಪ್ಪು ಮತ್ತು ಡೀಸೆಲ್. ಚಿನ್ನು ಸ್ನಾನಕ್ಕೂ ಬಿಡದೆ ಗುಂಡಿಯನ್ನು ಕೈಗಿಟ್ಟಳು. ಅವರು ಬಲೆ ಕಟ್ಟುವ ನೈಲಾನ್ ದಾರ ತೆಗೆದು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬಲೆಗೆ ಹಾಕುವ ಗಂಟನ್ನೇ ಹಾಕಿ ಆ ಕಣ್ಣನ್ನು ಹೊಲಿದರು. ಕಣ್ಣು ಸ್ವಲ್ಪ ಓರೆಯಾಯಿತು. ನನ್ನ ಹೊಲಿಗೆಯೆಲ್ಲ ಬಿಚ್ಚಿಹೋದರೂ ಆ ಗಂಟು ಇವತ್ತಿಗೂ ಸಡಿಲವಾಗಿಲ್ಲ. "ಸಿಟ್ಟ್ ಬಂತಾ?" ಎಂದು ನನ್ನ ಕಡೆ ನೋಡದೆಯೇ ಕೇಳಿದರು. ಬಂದಿತ್ತು, ಹದಿಮೂರು ದಿನ ಸೇರಿಸಿ ಇಟ್ಟಿದ್ದೆ. ಆದರೆ ಉಪ್ಪು ಹಿಡಿದ ಆ ಬೆನ್ನನ್ನು ನೋಡಿದ ಮೇಲೆ ಅದರಲ್ಲಿ ಒಂದು ದಿನದ್ದೂ ನೆನಪಾಗಲಿಲ್ಲ. ಬಿಸಿನೀರು ಕಾದಿದೆ ಎಂದೆ.

ಆಮೇಲೆ ಜೂನ್ ಬಂತು. ಬೋಟು ಕಟ್ಟಿದರು, ಮಳೆ ಹಿಡಿಯಿತು. ಜಗಲಿಯಲ್ಲಿ ನಮ್ಮವರು ಡೈನೋಸಾರಿಗೆ ಬೆನ್ನು ಕೊಟ್ಟು ಬಲೆ ಹೆಣೆಯುತ್ತಿದ್ದರು, ಚಿನ್ನು ಅವರ ತೊಡೆಯ ಮೇಲೆ ಘರ್ಜಿಸುತ್ತಿದ್ದಳು, ಅತ್ತೆ ಹಲಸಿನ ಹಪ್ಪಳ ಸುಡುತ್ತಿದ್ದರು, ನನ್ನ ಹೊಲಿಗೆ ಮೆಷಿನ್ ಎರಡು ತಿಂಗಳು ಸರಿಯಾಗಿ ಓಡಲಿಲ್ಲ. ವರ್ಷದ ಹನ್ನೆರಡು ತಿಂಗಳೂ ಜೂನ್ ಆಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತಿದ್ದೆ. ಊಟಕ್ಕಿರುತ್ತಿರಲಿಲ್ಲ, ಅಷ್ಟೇ.

ಬೋಟು ಮತ್ತೆ ಇಳಿದು ಸ್ವಲ್ಪ ದಿನಕ್ಕೆ ನಾನು ಕುಂದಾಪುರದ ಲೇಡಿ ಡಾಕ್ಟರ ಎದುರು ಕೂತಿದ್ದೆ. ಅವರು ಕ್ಯಾಲೆಂಡರ್ ನೋಡಿ, ಚೀಟಿಯಲ್ಲಿ ಒಂದು ತಾರೀಕು ಬರೆದು, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು. "ಗಂಗೊಳ್ಳಿ ಬದಿಯವ್ರಾ?"

ಒಂದು ಕಾಲಕ್ಕೆ ಊರಿನವರನ್ನೆಲ್ಲ ಚುಡಾಯಿಸಿದ ಬಾಯಿಂದಲೇ ಹೌದು ಎಂದೆ. ಈ ಸಲ ಹೆರಿಗೆಯ ಹೊತ್ತಿಗೆ ಖಂಡಿತ ಮನೆಯಲ್ಲಿರುತ್ತೇನೆ ಎಂದು ನಮ್ಮವರು ಮಾತು ಕೊಟ್ಟಿದ್ದಾರೆ. ಐದೇ ದಿನದ ಐಸ್ ಹಾಕುತ್ತಾರಂತೆ. ನಾನು ಮೊನ್ನೆ ಐಸ್ ಪ್ಲಾಂಟಿನ ಶೇಖರಣ್ಣನಿಗೆ ಫೋನ್ ಮಾಡಿ, ಮಾರ್ಚ್‌ನಲ್ಲಿ ನಮ್ಮ ಬೋಟಿಗೆ ಎಷ್ಟೇ ಕೇಳಿದರೂ ಐದು ದಿನಕ್ಕಿಂತ ಹೆಚ್ಚು ಕೊಡಬೇಡಿ ಎಂದೆ. "ಆಯ್ತ್ ಮರಾಯ್ತಿ," ಎಂದರು ಶೇಖರಣ್ಣ, "ಈ ಸರ್ತಿ ಎಂತ ಪ್ರಾಣಿ ಮಾಡ್ತೆ?" ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಫೋನ್ ಇಟ್ಟೆ. ಸಂಜೆ ಸುರೇಶನ ಮನೆಗೂ ಹೋಗಿ, ಅವನ ಬೋಟಿನ ಇಂಜಿನ್ ಈಗ ಸರಿಯಾಗಿದೆಯಾ ಎಂದು ವಿಚಾರಿಸಿ ಬಂದೆ.